ಪೆನ್ ಡ್ರೈವ್‌ನೊಳಗಿನ ಗಂಡು

ಎಲ್ಲರ ಅಂಗಡಿಗೂ ಗಿರಾಕಿಗಳು ಬರುತ್ತಾರೆ, ನನ್ನ ಅಂಗಡಿಗೆ ಮಾತ್ರ ಗ್ರಹಚಾರ ಬರುತ್ತಿತ್ತು. ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಮಿಷಿನ್ನು, ಒಂದು ಪ್ರಿಂಟರು, ವಿಂಡೋಸ್ ತೊಂಬತ್ತೆಂಟು ಹಾಕಿದ ಒಂದು ಹಳೇ ಕಂಪ್ಯೂಟರು ಇಟ್ಟುಕೊಂಡು ಲಗ್ನಪತ್ರಿಕೆ, ತಿಥಿ ಕಾರ್ಡು, ಅರ್ಜಿ ಅಂತ ಏನು ಬಂದರೂ ಟೈಪ್ ಮಾಡಿಕೊಡುತ್ತಿದ್ದೆ. ಫ್ಲಾಪಿ ಕಾಲದಲ್ಲಿ ಹೇಗೋ ಮರ್ಯಾದೆಯಾಗಿ ಬದುಕಿದ್ದವನು ನಾನು. ಪೆನ್ ಡ್ರೈವ್ ಅನ್ನೋ ಶನಿ ನಮ್ಮೂರಿಗೆ ಕಾಲಿಟ್ಟಿತು ನೋಡಿ, ಅಲ್ಲಿಂದ ನನ್ನ ತಲೆ ಕೆಟ್ಟಿತು. ಈಗ ಹೇಳುತ್ತಿರೋದು ಒಂದೇ ಒಂದು ಪೆನ್ ಡ್ರೈವ್ ಒಂದೇ ವಾರದಲ್ಲಿ ನನಗೆ ಕೊಟ್ಟ ಕಾಟ.

೧. ಸುಣ್ಣ

ಸೋಮವಾರ ಬೆಳಿಗ್ಗೆ ಬಿಳಿಗೆರೆ ಕಡೆಯ ಯಜಮಾನರೊಬ್ಬರು ಬಂದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವಲು, ಹಿಂದೆ ಅವರ ಮಗಳು. ಬೆಂಚಿನ ಮೇಲೆ ಕೂತವರೇ ಎಲೆ ಅಡಿಕೆ ಚೀಲ ಬಿಚ್ಚಿದರು. ಒಂದೊಂದಾಗಿ ಎಲೆ ತೆಗೆದರು, ಅಡಿಕೆ ತೆಗೆದರು, ಹೊಗೆಸೊಪ್ಪು ತೆಗೆದರು, ಸುಣ್ಣದ ಡಬ್ಬಿ ತೆಗೆದರು. ಇವರು ಅಂಗಡಿಗೆ ಬಂದಿದ್ದಾರೋ ಎಲೆ ಹಾಕಿಕೊಳ್ಳೋಕೆ ಬಂದಿದ್ದಾರೋ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಚೀಲದ ತಳದಿಂದ ಒಂದು ಪೆನ್ ಡ್ರೈವ್ ಬಂತು.

"ಇದ್ರಲ್ಲಿ ಗಂಡು ಅದೆ ಸಾ. ವಸಿ ಈಚ್ಗೆ ತೆಗ್ದು ತೋರ್ಸಿ" ಅಂದರು.

ನಾನು ಬೆಪ್ಪಾಗಿ ಅವರ ಮಗಳ ಮುಖ ನೋಡಿದೆ. ಊರಲ್ಲಿ ಟೈಲರಿಂಗ್ ಕ್ಲಾಸ್ ನಡೆಸುತ್ತಿದ್ದ ಹುಡುಗಿ, ಮಾತು ಚುರುಕು. ಅವಳೇ ಬಿಡಿಸಿ ಹೇಳಿದಳು. ಹಿಂದೊಂದು ಸಲ ಬ್ರೋಕರ್ ತಂದುಕೊಟ್ಟ ಸ್ಟುಡಿಯೋ ಫೋಟೋದಲ್ಲಿ ಗಂಡು ಬೆಳ್ಳಗಿತ್ತಂತೆ, ತಲೆ ತುಂಬ ಕೂದಲಿತ್ತಂತೆ. ಹೆಣ್ಣು ನೋಡೋಕೆ ಗಂಡು ಬಂತು, ಕೂದಲು ಬರಲಿಲ್ಲ. ಆವತ್ತಿನಿಂದ ಇವಳದು ಒಂದೇ ಹಟ, ಸ್ಟುಡಿಯೋದವರು ಕೈಯಾಡಿಸಿದ ಫೋಟೋ ಬೇಡವೇ ಬೇಡ. ಈ ಸಲದ ಗಂಡು ತಿ. ನರಸೀಪುರದ ಕಡೆಯ ಸ್ಕೂಲ್ ಮೇಷ್ಟ್ರು. ಇವಳ ಹಟ ಕೇಳಿ, ಜೊತೆ ಮೇಷ್ಟರೊಬ್ಬರ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆಸಿ, ಇದ್ದದ್ದು ಇದ್ದ ಹಾಗೇ ಪೆನ್ ಡ್ರೈವ್‌ಗೆ ಹಾಕಿ ಬ್ರೋಕರ್ ಕೈಲಿ ಕಳಿಸಿದ್ದಾರೆ. ಜಾತಕ ಕೂಡಿದೆ. ಶುಕ್ರವಾರ ಹೆಣ್ಣು ನೋಡೋಕೆ ಬರುತ್ತಾರೆ. ಬರಬೇಕೋ ಬೇಡವೋ ಅಂತ ಗುರುವಾರ ಸಂಜೆಯೊಳಗೆ ಇವರು ಹೇಳಿಕಳಿಸಬೇಕು.

"ಗೊತ್ತಿಲ್ಲದೋರ ಮುಂದೆ ಸೀರೆ ಉಟ್ಕೊಂಡು, ಕಾಫಿ ತಟ್ಟೆ ಹಿಡ್ಕೊಂಡು ನಿಂತೂ ನಿಂತೂ ಸಾಕಾಗಿ ಹೋಗಿದೆ ಸಾರ್" ಅಂದಳು. "ಎಲ್ರೂ ನನ್ನ ನೋಡಿದ್ದಾಯ್ತು. ಈ ಸಲ ಮೊದಲು ನಾನು ನೋಡ್ತೀನಿ. ಇಷ್ಟ ಆದ್ರೆ ಬರ್ಲಿ, ಇಲ್ದಿದ್ರೆ ಬರೋದೇ ಬೇಡ."

ನನಗೆ ಪಾಪ ಅನ್ನಿಸಿತು. "ಅದೇನು ಮಹಾ, ಈಗಲೇ ತೋರಿಸ್ತೀನಿ ಕೊಡಮ್ಮ" ಅಂದುಬಿಟ್ಟೆ. ಪೆನ್ ಡ್ರೈವನ್ನ ಆವತ್ತಿನವರೆಗೂ ನನ್ನ ಕಂಪ್ಯೂಟರ್‌ಗೆ ಒಂದು ಸಲವೂ ಹಾಕಿರಲಿಲ್ಲ. ಆದರೂ ನಾಲಿಗೆಗೆ ಮೂಳೆ ಇಲ್ಲವಲ್ಲ!

ಮುಚ್ಚಳ ತೆಗೆದೆ. ಒಳಗಿನ ತಗಡಿನ ಬಾಯಿ ತುಂಬ ಬೆಳ್ಳಗೆ ಏನೋ ಗಟ್ಟಿಯಾಗಿ ಮೆತ್ತಿತ್ತು. ಉಗುರಿನಲ್ಲಿ ಕೆರೆದು ನೋಡಿದರೆ ಸುಣ್ಣ.

"ಯಜಮಾನ್ರೇ, ಸುಣ್ಣದ ಡಬ್ಬಿ ಬಾಯಿ ಬಿಟ್ಕೊಂಡಿತ್ತಾ?"

"ಇಲ್ಲ ಸಾ, ಡಬ್ಬಿ ಬದ್ರವಾಗದೆ. ಬಸ್ನಲ್ಲಿ ಎಲೆಗೆ ಸುಣ್ಣ ಅಚ್ಕಳಾಕೆ ಕಡ್ಡಿ ಸಿಗ್ನಿಲ್ಲ. ಇದ್ರಲ್ಲಿ ತೆಕ್ಕಂಡೆ." ಪೆನ್ ಡ್ರೈವ್ ಇಸಿದುಕೊಂಡು, ಅದರ ಬಾಯನ್ನ ಗಾಳಿಯಲ್ಲೇ ಎಲೆಗೆ ಉಜ್ಜಿ ತೋರಿಸಿದರು. "ಅದುಕ್ಕೇ ಮಾಡವ್ರೆ ಅನ್ಕಂಡೆ ಸಾ. ಅಳ್ತೆ ಎಷ್ಟು ಸರ್ಯಾಗದೆ ನೋಡಿ, ಒಂದೆಲೆಗೆ ಒಂದ್ಸಲ!"

೨. ವಿಭೂತಿ

ಸುಣ್ಣ ಕೆರೆದು, ಒರೆಸಿ, ಊದಿ, ಬಿಸಿಲಿಗಿಟ್ಟು ಪೆನ್ ಡ್ರೈವನ್ನ ಮನುಷ್ಯರು ಮುಟ್ಟುವ ಹಾಗೆ ಮಾಡಿದ್ದಾಯಿತು. ಈಗ ಅದನ್ನ ಸಿಕ್ಕಿಸೋದು ಎಲ್ಲಿ? ನನ್ನ ಕಂಪ್ಯೂಟರ್‌ಗೆ ಮುಂದುಗಡೆ ಅಂಥ ಕಿಂಡಿ ಇರಲಿಲ್ಲ. ಮಾರಿದವನು "ಹಿಂದುಗಡೆ ಎರಡಿದೆ" ಅಂತ ಹೇಳಿದ್ದು ನೆನಪಿತ್ತು. ಆ ಹಿಂದುಗಡೆಯನ್ನ ನಾನು ತಂದ ದಿನ ನೋಡಿದ್ದು ಅಷ್ಟೆ. ಮೇಜು ಎಳೆದು, ವೈರುಗಳ ಮಧ್ಯೆ ತಲೆ ತೂರಿಸಿ, ಟಾರ್ಚ್ ಬಿಟ್ಟು ನೋಡಿದೆ. ಕಿಂಡಿಗಳು ಎರಡೂ ಇದ್ದವು. ಆದರೆ ಎರಡರ ತುಂಬವೂ ವಿಭೂತಿ ಗಿಡಿದಿತ್ತು, ಗೋಡೆಗೆ ಗಾರೆ ಮೆತ್ತಿದ ಹಾಗೆ.

ಅಂಗಡಿಯ ಹಿಂದೆಯೇ ಮನೆ. "ಅಮ್ಮಾ!" ಅಂತ ಕಿರುಚಿದೆ. ನಮ್ಮಮ್ಮ ಸೌಟು ಹಿಡಿದುಕೊಂಡೇ ಬಂದರು.

"ಇಲ್ಲಿಗೆ ವಿಭೂತಿ ಹಾಕಿದ್ದು ಯಾರು?"

"ನಾನೇ. ಆಯುಧಪೂಜೆಗೆ ಹಚ್ಚಬೇಡ್ವಾ ಮತ್ತೆ?"

"ಹಚ್ಚೋದು ಅಂದ್ರೆ ಮೇಲೆ ಮೂರು ಗೆರೆ ಎಳೆಯೋದಮ್ಮ. ತೂತಿನೊಳಗೆ ತುಂಬ್ತಾರಾ ಯಾರಾದ್ರೂ?"

"ಮುಂದುಗಡೆ ಗೆರೆ ಎಳೆದಿದ್ದಕ್ಕೆ ಕಸ್ಟಮರ್‌ಗಳ ಕಣ್ಣಿಗೆ ಚೆನ್ನಾಗಿ ಕಾಣಲ್ಲ ಅಂತ ಕೂಗಾಡಿದ್ದು ನೀನು ತಾನೆ? ಯಾರಿಗೂ ಕಾಣದ ಹಾಗೆ ಹಚ್ಚು ಅಂದೆ, ಕಾಣದ ಹಾಗೆ ಹಚ್ಚಿದೆ. ವರ್ಷಾ ವರ್ಷಾ ಅಲ್ಲಿಗೇ ಹಚ್ತಿದೀನಿ." ಸೌಟು ಬೀಸಿಕೊಂಡು ಒಳಗೆ ಹೋದರು. ಅವರ ಸಾರು ಕುದಿಯುತ್ತಿತ್ತು, ಇಲ್ಲಿ ನಾನು ಕುದಿಯುತ್ತಿದ್ದೆ.

ಕರೆಂಟು ಕಿತ್ತುಹಾಕಿ, ಆ ಹುಡುಗಿಯ ಹತ್ತಿರ ಒಂದು ಸೇಫ್ಟಿ ಪಿನ್ ಇಸಿದುಕೊಂಡು, ಕಿಂಡಿಯೊಳಗಿನ ವಿಭೂತಿಯನ್ನ ಸ್ವಲ್ಪ ಸ್ವಲ್ಪವೇ ಕೆದಕಿ ಈಚೆಗೆ ಉದುರಿಸತೊಡಗಿದೆ. ಹಿಂದೆ ಏನೋ ಅಲ್ಲಾಡಿತು. ತಿರುಗಿ ನೋಡಿದರೆ ಯಜಮಾನರು ನೆಲದ ಮೇಲೆ ಮಂಡಿಯೂರಿ, ಎರಡೂ ಅಂಗೈ ಜೋಡಿಸಿ ಒಡ್ಡಿ ಕೂತಿದ್ದಾರೆ.

"ಇದೇನು ಯಜಮಾನ್ರೇ?"

"ಪೂಜೆ ವಿಬೂತಿ ಸಾ, ನೆಲುಕ್ ಬೀಳ್ಬಾರ್ದು" ಅಂದರು. ಬಿದ್ದಷ್ಟನ್ನೂ ಹಣೆಗೆ ಬಳಿದುಕೊಂಡು, ಉಳಿದದ್ದನ್ನ ಮಗಳ ಹಣೆಗೂ ಇಟ್ಟು, ಕೊನೆಯ ಚಿಟಿಕೆಯನ್ನ ನನ್ನ ಹಣೆಗೆ ಒತ್ತಿದರು. "ನಿಮ್ಗೂ ಬೇಕಾಯ್ತದೆ ಸಾ, ಯಾಕೋ ನಿಮ್ ಕೈಲಿ ಆಗಂಗ್ ಕಾಣಾಕಿಲ್ಲ."

೩. ಸಾಲಾವಳಿ

ಮಂಗಳವಾರ ಇಬ್ಬರ ಜೊತೆ ಮೂರನೆಯವರೂ ಬಂದರು, ಯಜಮಾನರ ತಾಯಿ. ಗಂಡಿನ ಮುಖ ಮನೆಯವರೆಲ್ಲ ಒಟ್ಟಿಗೇ ನೋಡಬೇಕು, ಒಬ್ಬರು ಮುಂಚೆ ಒಬ್ಬರು ಹಿಂದೆ ನೋಡಕೂಡದು ಅಂತ ಅಜ್ಜಿಯ ಅಪ್ಪಣೆಯಂತೆ. ಕುರ್ಚಿ ಹಾಕಿಸಿಕೊಂಡು ಸ್ಕ್ರೀನ್‌ಗೆ ಮೂಗು ತಾಗುವಷ್ಟು ಹತ್ತಿರ ಕೂತರು.

ಪೆನ್ ಡ್ರೈವ್ ಸಿಕ್ಕಿಸಿದೆ. ಕಂಪ್ಯೂಟರು 'ಟಿಣ್' ಅಂತು. ನನ್ನ ಎದೆ ಹಗುರಾಯಿತು. ಆಮೇಲೆ ಸ್ಕ್ರೀನ್ ಮೇಲೆ ಒಂದು ಚೌಕ ತೆರೆದುಕೊಂಡಿತು. 'ಅನ್‌ನೋನ್ ಡಿವೈಸ್' ಅಂತ ಅದರಲ್ಲಿತ್ತು.

"ಏನಂತದೆ ಮಗ?" ಅಜ್ಜಿ ಮೊಮ್ಮಗಳನ್ನ ಕೇಳಿದರು.

"ಯಾರೋ ಗೊತ್ತಿಲ್ಲ ಅಂತಿದೆ ಅಜ್ಜಿ."

ಅಜ್ಜಿ ಕುರ್ಚಿಯಲ್ಲೇ ಹಿಂದಕ್ಕೆ ವಾಲಿದರು. "ಅಯ್ಯೋ ಸಿವ್ನೇ! ನಿನ್ ಮಿಷಿನ್ನೇ ಯಾರೋ ಕಾಣೆ ಅಂದ್ಮ್ಯಾಕೆ ನಾವೆಂಗಪ್ಪ ಎಣ್ಣು ಕೊಡಾದು?"

ಕಿತ್ತೆ, ಮತ್ತೆ ಸಿಕ್ಕಿಸಿದೆ. ಈ ಕಿಂಡಿಯಿಂದ ಆ ಕಿಂಡಿಗೆ ಬದಲಾಯಿಸಿದೆ. ಆಫ್ ಮಾಡಿ ಆನ್ ಮಾಡಿದೆ. ಅದು ಪ್ರತಿ ಸಲವೂ 'ಟಿಣ್' ಅನ್ನೋದು, ಯಾರೋ ಗೊತ್ತಿಲ್ಲ ಅನ್ನೋದು. ಪ್ರತಿ ಸಲವೂ ಅಜ್ಜಿ "ಸಕುನ ಸರಿಯಾಗಿಲ್ಲ ಕಣ್ಲಾ" ಅಂತ ಮಗನ ಕಡೆ ತಿರುಗೋದು. ಮೊಮ್ಮಗಳ ಮುಖ ಸಣ್ಣಗಾಗುತ್ತಾ ಹೋಯಿತು. ನನಗೆ ರೇಗಿಹೋಯಿತು.

"ಅಜ್ಜಿ, ಇದಕ್ಕೂ ಶಕುನಕ್ಕೂ ಏನೂ ಸಂಬಂಧವಿಲ್ಲ. ಈ ಕಂಪ್ಯೂಟರು ಹಳೇದು, ಆ ಪೆನ್ ಡ್ರೈವ್ ಹೊಸದು. ಎರಡಕ್ಕೂ ಪರಿಚಯ ಮಾಡಿಸೋಕೆ ಅಂತ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಬೇಕು. ಅದು ನನ್ನ ಹತ್ತಿರ ಇಲ್ಲ. ಅದಿಲ್ಲದೆ ಎರಡೂ ಕೂಡಲ್ಲ, ಅಷ್ಟೇ."

"ಅಂಗಂದ್ರೆ ಸಾಲಾವಳಿ ಕೂಡ್ನಿಲ್ಲ ಅನ್ನು."

"ಹೂಂ, ಹಾಗೇ ಅಂದ್ಕೊಳ್ಳಿ."

ಅಜ್ಜಿಗೆ ಈಗ ವಿಷಯ ಕೈಗೆ ಸಿಕ್ಕಿತು. ಕಂಪ್ಯೂಟರ್ ತೋರಿಸಿ, "ಇದು ಯಾವ್ ವರ್ಸದ್ದು?" ಅಂದರು.

"ತೊಂಬತ್ತೆಂಟು."

"ಅದು?"

ಪೆನ್ ಡ್ರೈವಿನ ಬೆನ್ನು ತಿರುಗಿಸಿ ನೋಡಿ, "ಎರಡು ಸಾವಿರದ ನಾಲ್ಕು" ಅಂದೆ.

ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ ನನ್ನನ್ನ ನೋಡಿದ ನೋಟದಲ್ಲಿ ಕನಿಕರ ಇತ್ತು. "ಅಲ್ಲ ಕಣ್ಮಗ, ಎಣ್ಣು ಆರ್ ವರ್ಸ ದೊಡ್ಡೋಳು! ನೆನ್ನೆಯಿಂದ ಎಂಗಪ್ಪ ಕೂಡಿಸ್ತಾ ಕುಂತಿದ್ದೀಯೆ ನೀನು?"

೪. ಕಣ್ಣು ಮುಚ್ಚಿಕೊಂಡವರು

ಬುಧವಾರ ನಾನು ಒಂದು ಉಪಾಯ ಮಾಡಿದೆ. ಆ ಡ್ರೈವರ್ ಇಂಟರ್‌ನೆಟ್‌ನಲ್ಲಿ ಸಿಗುತ್ತೆ, ಸಣ್ಣದು, ಫ್ಲಾಪಿಯಲ್ಲಿ ಹಿಡಿಸುತ್ತೆ. ನನ್ನಲ್ಲಿ ಇಂಟರ್‌ನೆಟ್ ಇರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಒಂದು ಇಂಟರ್‌ನೆಟ್ ಸೆಂಟರ್ ಇತ್ತು. ಫೋಟೋ ನೋಡೋಕೆ ಅಲ್ಲಿಗೇ ಹೋಗಿ ಅಂತ ನಾನು ಮೊದಲ ದಿನವೇ ಹೇಳಿದ್ದೆ. ಯಜಮಾನರು ಸುತರಾಂ ಒಪ್ಪಿರಲಿಲ್ಲ. ಪಡ್ಡೆ ಹುಡುಗರು ತುಂಬಿಕೊಂಡಿರೋ ಜಾಗ, ಅಲ್ಲಿಗೆ ಮಗಳನ್ನ ಕರೆದುಕೊಂಡು ಹೋಗೋದನ್ನ ಯಾರಾದರೂ ನೋಡಿದರೆ ಬಿಳಿಗೆರೆ ತಲುಪುವಷ್ಟರಲ್ಲಿ ಸುದ್ದಿಗೆ ಕೈ ಕಾಲು ಬಂದಿರುತ್ತೆ ಅಂತ ಅವರ ಹೆದರಿಕೆ. ಅದೂ ಸುಳ್ಳಲ್ಲ ಬಿಡಿ.

ಹಾಗಾಗಿ ಯಜಮಾನರೊಬ್ಬರನ್ನೇ ಕಳಿಸಿದೆ. ಕೈಗೆ ಒಂದು ಖಾಲಿ ಫ್ಲಾಪಿ ಕೊಟ್ಟೆ. ಏನು ಬೇಕು ಅಂತ ಸೆಂಟರ್‌ಗೆ ಫೋನ್ ಮಾಡಿ ನಾನೇ ಹೇಳಿದೆ. ಮಧ್ಯಾಹ್ನ ಯಜಮಾನರು ಗೆದ್ದುಬಂದ ಠೀವಿಯಲ್ಲಿ ಬಂದರು.

"ಆಯ್ತು ಸಾ. ಅದೇನೋ ನೀವಂದಿದ್ದು, ಆಕ್ಸ್ಕಂಡು ಬಂದೆ."

ಫ್ಲಾಪಿ ಹಾಕಿ ನೋಡಿದೆ. ಖಾಲಿ.

"ಎಲ್ಲಿ ಯಜಮಾನ್ರೇ?"

"ಅದ್ರಲ್ಲಲ್ಲ ಸಾ. ಆ ಚಪ್ಪಟೆಯೋದು ದಾರೀಲಿ ಮುರ್ದುಗಿರ್ದು ಓದ್ರೆ? ಬದ್ರವಾಗಿರ್ಲಿ ಅಂತ ಇದ್ರಲ್ಲಿ ಆಕ್ಸ್ದೆ" ಅಂತ ಜೇಬಿನಿಂದ ಪೆನ್ ಡ್ರೈವ್ ತೆಗೆದು ನನ್ನ ಕೈಲಿಟ್ಟರು.

ಪೆಟ್ಟಿಗೆಯ ಬೀಗದ ಕೈಯನ್ನ ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದುಕೊಂಡು ಬಂದಿದ್ದರು ಮಹಾನುಭಾವರು. ನಾನು ಮೇಜಿಗೆ ಹಣೆ ಹಚ್ಚಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ತಲೆಗೆ ಏನೋ ಹೊಳೆಯಿತು.

"ಯಜಮಾನ್ರೇ, ಪೆನ್ ಡ್ರೈವ್‌ಗೆ ಹಾಕಿದ್ರು ಅಂದ್ರೆ ಅಲ್ಲಿ ಅದು ತೆರೆದಿತ್ತು ಅಂತಾಯ್ತು. ಫೋಟೋನೂ ಅಲ್ಲೇ ಕಾಣ್ತಿತ್ತಲ್ಲ?"

"ಕಾಣ್ತಿತ್ತು ಸಾ. ಅವ್ರು ತೆಗ್ದೇಬುಟ್ರು."

"ಮತ್ತೆ? ಹೇಗಿದ್ದಾರೆ ಗಂಡು?"

"ನಂಗೇನ್ ಗೊತ್ತು ಸಾ, ನಾನು ಕಣ್ ಮುಚ್ಕಂಡೆ. ಎಲ್ರೂ ಒಟ್ಗೇ ನೋಡ್ಬೇಕು ಅಂದವ್ಳೆ ನಮ್ಮವ್ವ. ಮಾತು ಕೊಟ್ಟ್ ಬಂದಿವ್ನಿ." ಆಮೇಲೆ ದನಿ ತಗ್ಗಿಸಿ ಸಮಾಧಾನ ಹೇಳಿದರು. "ಅಲ್ಲಿ ಕುಂತಿದ್ದೋರೆಲ್ಲ ಬಗ್ಗಿ ಬಗ್ಗಿ ನೋಡುದ್ರು ಸಾ. ಪರ್ವಾಗಿಲ್ಲ ಅಂತವ್ರೆ."

೫. ಸಿ.ಡಿ. ತಂದವನು

ಆ ಸೆಂಟರ್‌ಗೇ ಮತ್ತೆ ಕಳಿಸೋಣ ಅಂದರೆ, ಅವರು ಎರಡು ದಿನ ಬಾಗಿಲು ಹಾಕಿಕೊಂಡು ಊರಿಗೆ ಹೋಗಿಯಾಗಿತ್ತು. ಉಳಿದದ್ದು ಒಂದೇ ದಾರಿ. ಪೆನ್ ಡ್ರೈವ್ ಕೊಂಡಾಗ ಅದರ ಜೊತೆ ಒಂದು ಸಿ.ಡಿ. ಬಂದಿರುತ್ತೆ, ಅದರಲ್ಲಿ ಈ ಡ್ರೈವರ್ ಇರುತ್ತೆ. ಅದನ್ನ ಗಂಡಿನ ಕಡೆಯವರು ಕಳಿಸಿಕೊಡಲಿ ಅಂತ ಯಜಮಾನರ ಕೈಲಿ ಬ್ರೋಕರ್‌ಗೆ ಫೋನ್ ಮಾಡಿಸಿದೆ. ಗುರುವಾರ ಬೆಳಿಗ್ಗೆ ಬಿಳಿಗೆರೆಯ ಮೂವರೂ ಬಂದು ಕೂತರು. ಸಂಜೆಯೊಳಗೆ ಉತ್ತರ ಹೋಗದಿದ್ದರೆ ನಾಳೆ ಗಂಡಿನ ಕಡೆಯವರು ಹೊರಟು ಬಂದೇಬಿಡುತ್ತಾರೆ. "ಬಂದ್ರೆ ನಾನು ಕೋಣೆಯಿಂದ ಈಚೆಗೆ ಬರಲ್ಲ, ಈಗ್ಲೇ ಹೇಳಿರ್ತೀನಿ" ಅಂತ ಹುಡುಗಿ. "ಬಾಯ್ಮುಚ್ಚು, ಮನೆ ಮರ್ವಾದೆ" ಅಂತ ಅಪ್ಪ. ಅಂಗಡಿ ಅನ್ನೋದು ಅವರ ಮನೆ ಜಗಲಿ ಆಗಿಹೋಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಂದು ನಿಂತ. ಮೂವತ್ತರ ಆಸುಪಾಸು, ಇಸ್ತ್ರಿ ಅಂಗಿ. "ಸಾರ್, ಸಿ.ಡಿ. ತಂದಿದೀನಿ. ನರಸೀಪುರದಿಂದ" ಅಂದವನು ಒಳಗೆ ಕೂತ ಮೂವರನ್ನ ನೋಡಿ ಅಲ್ಲೇ ನಿಂತುಬಿಟ್ಟ.

ಕಂಪ್ಯೂಟರ್ ಅಂಗಡಿಯ ರಿಪೇರಿಯವನನ್ನೇ ಕಳಿಸಿದ್ದಾರಲ್ಲ ಅಂತ ನನಗೆ ಹೋದ ಜೀವ ಬಂದ ಹಾಗಾಯಿತು. "ಬನ್ರೀ ಬನ್ರೀ, ನಿಮ್ಮನ್ನೇ ಕಾಯ್ತಿದ್ವಿ" ಅಂತ ತೋಳು ಹಿಡಿದು ಎಳೆದು ಕಂಪ್ಯೂಟರ್ ಮುಂದೆ ಕೂರಿಸಿದೆ.

"ಅಲ್ಲ ಸಾರ್, ನಾನು..."

"ಆಮೇಲೆ ಹೇಳುವಿರಂತೆ. ಮೊದಲು ಕೆಲಸ ನೋಡಿ."

ಅವನು ಸಿ.ಡಿ. ಹಾಕಿದ. ಡ್ರೈವರ್ ಹಾಕುವಾಗ ಕಂಪ್ಯೂಟರು ತನ್ನ ವಿಂಡೋಸ್ ಸಿ.ಡಿ. ಕೇಳಿತು. ಅದನ್ನ ಹುಡುಕಿ ಕೊಟ್ಟೆ. ರೀಸ್ಟಾರ್ಟ್ ಮಾಡು ಅಂತು, ಮಾಡಿದ. ಅರ್ಧಕ್ಕೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿಂದ ಶುರು. ಅವನಿಗೂ ಈ ಕೆಲಸ ಅಷ್ಟಕ್ಕಷ್ಟೇ ಅನ್ನೋದು ಬೇಗನೆ ಗೊತ್ತಾಯಿತು. 'ನೆಕ್ಸ್ಟ್' ಒತ್ತಬೇಕಾದ ಕಡೆ 'ಕ್ಯಾನ್ಸಲ್' ಒತ್ತಿಬಿಟ್ಟ.

"ಏನ್ರೀ ಮಾಡ್ತಿದೀರ? ಕೈ ನಡುಗ್ತಿದೆಯಲ್ರೀ, ತಿಂಡಿ ತಿಂದು ಬಂದಿಲ್ವಾ?" ಅಂತ ನಾನು ಬೈದೆ.

"ಬೆವ್ರು ನೋಡ್ಲಾ ಅವುಂದು" ಅಂದರು ಅಜ್ಜಿ ಮಗನಿಗೆ, ಅವನಿಗೂ ಕೇಳುವ ಹಾಗೆ. "ಕೆಲ್ಸ ಬರ್ದೇ ಇದ್ದೋನ್ನ ಕಳ್ಸವ್ರೆ. ಆ ಮನೆಯೋರ ಬುದ್ದಿ ಇದ್ರಲ್ಲೇ ಗೊತ್ತಾಯ್ತದೆ."

"ಓಗ್ಲಿ ಬುಡವ್ವ. ಏನಪ್ಪ, ಬಿರ್ರನೆ ಮಾಡು, ನಮ್ಗೆ ಬಸ್ಸಿಗೆ ಒತ್ತಾಯ್ತದೆ" ಅಂದರು ಯಜಮಾನರು.

ನನ್ನ ನಾಲ್ಕು ದಿನದ ಸಂಕಟವೆಲ್ಲ ಅವನ ಬೆನ್ನ ಹಿಂದೆ ನಿಂತು ಹೊರಗೆ ಬಂತು. "ಅಲ್ರೀ, ಈ ಗಂಡಿಗೆ ಬುದ್ಧಿ ಬೇಡ್ವಾ? ಮೇಷ್ಟ್ರಂತೆ ಮೇಷ್ಟ್ರು! ಹಳ್ಳಿಯೋರ ಕೈಗೆ ಪೆನ್ ಡ್ರೈವ್ ಕೊಟ್ಟು ಕಳಿಸ್ತಾನಲ್ಲ, ಅವರ ಹತ್ರ ಕಂಪ್ಯೂಟರ್ ಇದೆಯಾ ಇಲ್ವಾ ಅಂತ ಕೇಳೋದು ಬೇಡ್ವಾ? ಇಂಥ ದಡ್ಡಶಿಖಾಮಣಿ ಮಕ್ಕಳಿಗೆ ಏನು ಪಾಠ ಹೇಳ್ಕೊಡ್ತಾನೋ ಆ ಶಿವನಿಗೇ ಗೊತ್ತು!"

ಅವನು ತಿರುಗಿ ನೋಡಲಿಲ್ಲ. ಕತ್ತು ಮಾತ್ರ ಕೆಂಪಗಾಯಿತು.

ಹುಡುಗಿಗೆ ಅವನನ್ನ ನೋಡಿ ಅಯ್ಯೋ ಅನ್ನಿಸಿರಬೇಕು. ಒಂದು ಲೋಟ ನೀರು ತಂದುಕೊಟ್ಟಳು. ಆಮೇಲೆ ಮೆಲ್ಲಗೆ, "ನೀವು ಆ ಗಂಡನ್ನ ನೋಡಿದೀರಾ?" ಅಂದಳು.

ಅವನ ಗಂಟಲಲ್ಲಿ ನೀರು ಸಿಕ್ಕಿಕೊಂಡಿತು. ಕೆಮ್ಮಿ ಸುಧಾರಿಸಿಕೊಂಡು, "ನೋಡಿದೀನಿ" ಅಂದ.

"ಹೇಗಿದಾರೆ?"

"ಸುಮಾರಾಗಿದಾರೆ."

"ನಿಜ ಹೇಳಿ. ತಲೇಲಿ ಕೂದಲಿದೆಯಾ?"

ಅವನ ಕೈ ತಾನಾಗಿ ತಲೆಗೆ ಹೋಯಿತು. "ಇದೆ" ಅಂದ.

"ಮಾತು ಕತೆ ಹೇಗೆ?"

"ಸಂದರ್ಭ ಸಿಕ್ಕಿದ್ರೆ ಆಡ್ತಾರೆ."

"ಏನ್ರೀ ಹರಟೆ?" ಅಂತ ನಾನು ಮಧ್ಯೆ ಬಾಯಿ ಹಾಕಿದೆ. "ಬಸ್ ಹೋಗಿಬಿಡುತ್ತೆ, ನೆಕ್ಸ್ಟ್ ಒತ್ತಿ!"

ಒತ್ತಿದ. ಕಂಪ್ಯೂಟರು 'ಟಿಣ್' ಅಂತು. ಯಾರೋ ಗೊತ್ತಿಲ್ಲ ಅನ್ನಲಿಲ್ಲ. ಪೆನ್ ಡ್ರೈವ್ ತೆರೆದುಕೊಂಡು, ಅದರೊಳಗೆ ಸೆಂಟರ್‌ನವರು ಹಾಕಿದ್ದ ಡ್ರೈವರ್ ಜೊತೆ ಒಂದೇ ಒಂದು ಫೋಟೋದ ಹೆಸರು ಕಾಣಿಸಿತು. ಖುಷಿಗೆ ನಾನು ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದೆ. ಅಷ್ಟು ಹೊತ್ತೂ ಕೂತಲ್ಲಿಂದ ಏಳದಿದ್ದವನು ಈಗ, "ಸರಿ ಸಾರ್, ನಾನಿನ್ನು ಬರ್ತೀನಿ" ಅಂತ ಗಡಬಡಿಸಿ ಎದ್ದ.

"ಇರ್ರೀ, ಫೋಟೋ ತೆರೆಯೋ ತನಕ ಇರಿ. ಮತ್ತೆ ಕೈ ಕೊಟ್ರೆ ಯಾರಿಗೆ ಹೇಳ್ಲಿ?" ಅಂತ ಭುಜ ಒತ್ತಿ ಕೂರಿಸಿದೆ.

ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡು ಮುಂದೆ ಬಂದರು. ಯಜಮಾನರು ಬಾಯಲ್ಲಿದ್ದ ಎಲೆ ಹೊರಗೆ ಉಗಿದು ಬಂದರು. ಹುಡುಗಿ ಅಪ್ಪನ ಹಿಂದೆ ನಿಂತು, ತುಟಿ ಕಚ್ಚಿಕೊಂಡು, ಅವರ ಹೆಗಲ ಮೇಲಿಂದ ನೋಡಿದಳು. ನಾನು ಫೋಟೋ ಒತ್ತಿದೆ.

ಹಳೇ ಕಂಪ್ಯೂಟರು, ಒಂದೇ ಸಲಕ್ಕೆ ತೋರಿಸೋ ತಾಕತ್ತು ಅದಕ್ಕೆಲ್ಲಿ? ಮೇಲಿನಿಂದ ಒಂದೊಂದೇ ಪಟ್ಟಿ ಇಳಿಯಿತು. ಮೊದಲು ಸ್ಕೂಲಿನ ಹೆಂಚು ಬಂತು. ಆಮೇಲೆ ಕೂದಲು. "ಇದೆ!" ಅಂದರು ಯಜಮಾನರು. ಹಣೆ ಬಂತು, ಕಣ್ಣು ಬಂತು, ಮೂಗು ಬಂತು. ಮೀಸೆ ಬರುವ ಹೊತ್ತಿಗೆ ಅಂಗಡಿಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ನಾನು ಫೋಟೋ ನೋಡಿದೆ, ಕುರ್ಚಿಯಲ್ಲಿ ಕೂತವನನ್ನ ನೋಡಿದೆ, ಮತ್ತೆ ಫೋಟೋ ನೋಡಿದೆ.

ಮೊದಲು ಬಾಯಿ ಬಂದದ್ದು ಅಜ್ಜಿಗೆ. "ಇದೇನ್ಲಾ ಇದು! ಗಂಡ್ನ ತೋರ್ಸು ಅಂದ್ರೆ ಈ ರಿಪೇರಿಯೋನ್ನ ತೋರುಸ್ತದಲ್ಲ ನಿನ್ ಆಳ್ ಮಿಷಿನ್ನು!"

ಅವನು ಎದ್ದು ಕೈಮುಗಿದ. "ನಾನೇ ಅಜ್ಜಿ. ಸಿ.ಡಿ. ಕೊಟ್ಟು ಹಾಗೇ ಹೊರಟುಹೋಗೋಣ ಅಂತ ಬಂದೆ. ನೀವೆಲ್ಲ ಇಲ್ಲೇ ಇರ್ತೀರಿ ಅಂತ ಗೊತ್ತಿರಲಿಲ್ಲ. ಹೇಳೋಣ ಅಂದ್ರೆ ಯಾರೂ ಬಿಡಲಿಲ್ಲ."

ಯಜಮಾನರು ಗಡಬಡಿಸಿ ಹೆಗಲ ಟವಲು ತೆಗೆದು ಕೈಗೆ ಹಾಕಿಕೊಂಡರು. ಅಜ್ಜಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು. ದಡ್ಡಶಿಖಾಮಣಿ ಅಂದಿದ್ದ ನಾನು ಪ್ರಿಂಟರಿನ ಹಿಂದೆ ಏನೋ ಬಿದ್ದುಹೋದವನ ಹಾಗೆ ಬಗ್ಗಿ ಹುಡುಕತೊಡಗಿದೆ.

ಕೊನೆಗೆ ಯಜಮಾನರೇ ಗಂಟಲು ಸರಿಮಾಡಿಕೊಂಡು ಮಗಳ ಕಡೆ ತಿರುಗಿದರು. "ಏನವ್ವ, ಪೋಟೋ ನೋಡಿದ್ದಾಯ್ತಲ್ಲ? ಏನೇಳ್ತೀಯ?"

ಹುಡುಗಿ ಮತ್ತೆ ಫೋಟೋದ ಕಡೆ ನೋಡಲೇ ಇಲ್ಲ. ಕೈಮುಗಿದುಕೊಂಡು ಬೆವರುತ್ತಾ ನಿಂತಿದ್ದವನನ್ನೇ ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ಬೆಳಿಗ್ಗೆಯಿಂದ ಇಷ್ಟು ಜನ ಸೇರ್ಕೊಂಡು ಬೈದ್ರೂ ಒಂದು ಮಾತು ತಿರುಗಿ ಆಡಲಿಲ್ಲ ಕಣಪ್ಪ" ಅಂದಳು. "ಇಂಥ ಗಂಡ ಇನ್ನೆಲ್ಲಿ ಸಿಗ್ತಾನೆ? ನಾಳೆ ಬರೋಕೆ ಹೇಳು."